ಮಾಣಿ ಬತ್ತಾ ಇದ್ದ

ಏಳು ಭಾನುವಾರ ಕೂತು ಒಂದು ಕಾದಂಬರಿ ಓದಿ ಮುಗಿಸಿದೆವು. ಕೊನೆಯ ಪುಟ ಆದ ಮೇಲೆ ಟೀಚರ್ ಎಂದಿನಂತೆ ಕೇಳಿದರು, "ಹೆಂಗಿತ್ತು? ಒಬ್ಬೊಬ್ಬರಾಗಿ ಹೇಳ್ರಿ." ಯಾವಾಗಲೂ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುವ ನಮ್ಮ ಗುಂಪು ಅವತ್ತು ಸುಮ್ಮನಿತ್ತು. ಮೇಲೆ ಫ್ಯಾನಿನ ಸದ್ದು, ಹೊರಗೆ ಮಳೆ. ಸ್ವಲ್ಪ ಹೊತ್ತಾದ ಮೇಲೆ ಮೂಲೆಯಲ್ಲಿದ್ದ ಹೋಟೆಲ್ ಮಾಮ ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. "ಪುಸ್ತಕ ಸಮ ಇತ್ತ್" ಅಂದರು. ಅಷ್ಟೇ. ಕೊಡೆ ತೆಗೆದುಕೊಂಡು ಹೊರಟರು.

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ನಾನೂ ಕುಂದಾಪುರದ ಕಡೆಯವಳೇ. ನಮ್ಮಲ್ಲಿ ಒಂದು ವಸ್ತು ಇಷ್ಟವಾದರೆ "ಲಾಯ್ಕ್ ಇತ್ತ್" ಅನ್ನುತ್ತೇವೆ. ಸಿನಿಮಾ ಲಾಯ್ಕ್, ಸೀರೆ ಲಾಯ್ಕ್, ಮದುವೆ ಊಟ ಲಾಯ್ಕ್. "ಸಮ" ಅನ್ನುವುದು ಬೇರೆ. ಸಾರಿಗೆ ಉಪ್ಪು ಸಮ ಇದೆ ಅನ್ನುತ್ತೇವೆ. ಲೆಕ್ಕ ಸಮ ಬಂತು ಅನ್ನುತ್ತೇವೆ. ಅಂದರೆ ಹೇಳುವವರ ಕೈಯಲ್ಲಿ ಇನ್ನೊಂದು ಲೆಕ್ಕ ಮೊದಲೇ ಇರಬೇಕು, ಅದಕ್ಕೆ ಇದನ್ನು ತಾಳೆ ನೋಡಿರಬೇಕು. ಮಾಮ ಕಾದಂಬರಿಯನ್ನು ಮೆಚ್ಚಿಕೊಂಡದ್ದಲ್ಲ. ತಾಳೆ ನೋಡಿದ್ದರು.

ಪುಸ್ತಕ ಹಾನ್ ಕಾಂಗ್ ಅವರ 'ಹ್ಯೂಮನ್ ಆಕ್ಟ್ಸ್'. 2024ರ ನೊಬೆಲ್ ಬಂದ ಮೇಲೆ ಅನೇಕರು ಕೈಗೆತ್ತಿಕೊಂಡಿರುತ್ತೀರಿ. 1980ರ ಮೇ 18ರಿಂದ 27ರವರೆಗೆ ದಕ್ಷಿಣ ಕೊರಿಯಾದ ಗ್ವಾಂಗ್‌ಜು ಊರಲ್ಲಿ ಸೈನ್ಯ ತನ್ನದೇ ಜನರ ಮೇಲೆ ಗುಂಡು ಹಾರಿಸಿತಲ್ಲ, ಅದರ ಸುತ್ತ ಬರೆದದ್ದು. ಆದರೆ ಗುಂಡು ಹಾರಿಸುವುದು ಇದರಲ್ಲಿ ಕಡಿಮೆ. ಜಾಸ್ತಿ ಇರುವುದು ಆಮೇಲಿನದ್ದು. ಅದೇ ದಿನದ ಸಂಜೆ, ಐದು ವರ್ಷ ಆದ ಮೇಲೆ, ಹತ್ತು ವರ್ಷ, ಇಪ್ಪತ್ತು, ಮೂವತ್ತು ವರ್ಷ ಆದ ಮೇಲೆ. ಒಂದೊಂದು ಅಧ್ಯಾಯದಲ್ಲಿ ಒಬ್ಬೊಬ್ಬರು.

ನಮ್ಮ ಗುಂಪು ಅಂದರೆ ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಸೊಸೈಟಿ ಆಫೀಸಿನ ಕೋಣೆಯಲ್ಲಿ ಭಾನುವಾರ ಸಂಜೆ ಸೇರುವ ಏಳೆಂಟು ಮಂದಿ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಟೀಚರ್, ಧಾರವಾಡ ಕಡೆಯವರು. ಬ್ಯಾಂಕಿನಲ್ಲಿದ್ದ ಆಂಟಿ. ವಿಜಯಪುರದ ದಂಪತಿ. ಐರೋಲಿಯಲ್ಲಿ ಕೆಲಸ ಮಾಡುವ ಸಾಫ್ಟ್‌ವೇರ್ ಹುಡುಗ. ನಲವತ್ತು ವರ್ಷ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ಮಾಮ. ಪುಸ್ತಕ ತಂದದ್ದು ಐರೋಲಿಯ ಹುಡುಗ. ಮಾಮನಿಗೆ, ವಿಜಯಪುರದ ಅಮ್ಮನಿಗೆ ಇಂಗ್ಲಿಷ್ ಓದಿ ರೂಢಿಯಿಲ್ಲ. ಹಾಗಾಗಿ ಡೆಬೊರಾ ಸ್ಮಿತ್ ಅವರ ಇಂಗ್ಲಿಷ್ ಅನುವಾದ ಕೈಯಲ್ಲಿ ಹಿಡಿದು, ಬಾಯಲ್ಲಿ ಕನ್ನಡ ಮಾಡುತ್ತಾ ಓದುವ ಕೆಲಸ ನನ್ನ ಪಾಲಿಗೆ ಬಂತು. ಶನಿವಾರ ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ಕಷ್ಟದ ಸಾಲುಗಳನ್ನು ಬರೆದಿಟ್ಟುಕೊಳ್ಳುತ್ತಿದ್ದೆ. ಉಳಿದದ್ದು ಅಲ್ಲೇ, ಆ ಕ್ಷಣಕ್ಕೆ ಹೊಳೆದ ಹಾಗೆ.

ನೀನು

ಮೊದಲ ಅಧ್ಯಾಯದಲ್ಲೇ ಒಂದು ತೊಡಕು. ಹದಿನೈದರ ಹುಡುಗ ದೋಂಗ್ ಹೋನ ಕಥೆ ಅದು. ಆದರೆ ಅವನನ್ನು "ಅವನು" ಅನ್ನುವುದಿಲ್ಲ, ಅವನ ಜೊತೆ ಮಾತಾಡುವ ಹಾಗೆ ಹೇಳುತ್ತಾ ಹೋಗುತ್ತದೆ. ಇಂಗ್ಲಿಷಿನಲ್ಲಿ ಅದು ಬರೀ "ಯು". ಓದುವಾಗ ಅದು ನನಗೊಂದು ಬರವಣಿಗೆಯ ರೀತಿ ಅನ್ನಿಸಿತ್ತು, ಅಷ್ಟೇ. ಕನ್ನಡದಲ್ಲಿ ಹೇಳಲು ಹೊರಟರೆ ನೀನು ಅನ್ನಬೇಕೋ ನೀವು ಅನ್ನಬೇಕೋ ನಿರ್ಧಾರ ಮಾಡಲೇಬೇಕು. ಹುಡುಗ ಚಿಕ್ಕವನು, ನೀನು ಅಂದೆ. ಅಂದ ತಕ್ಷಣ ಕೋಣೆಯಲ್ಲಿ ಏನೋ ಬದಲಾಯಿತು. ನೀನು ಬಾಗಿಲ ಹತ್ತಿರ ಕೂತಿದ್ದೀಯ. ನೀನು ಮೇಣದಬತ್ತಿ ಹಚ್ಚುತ್ತೀಯ. ನಾವು ನೀನು ಅನ್ನುವುದು ಯಾರಿಗೆ? ಮಗನಿಗೆ, ತಮ್ಮನಿಗೆ, ಅಮ್ಮನಿಗೆ, ದೇವರಿಗೆ. ಸತ್ತವರಿಗೂ ಅಷ್ಟೇ. ಬದುಕಿದ್ದಾಗ ಎಷ್ಟೇ ನೀವು ಅಂದಿರಲಿ, ಹೆಣದ ಮುಂದೆ ಕೂತು ಅಳುವಾಗ "ಎಲ್ಲಿಗೆ ಹೋದೆ ನೀನು" ಅಂತಲೇ ಬರುತ್ತದೆ. ನನ್ನ ಅಜ್ಜಿ ಅಜ್ಜನಿಗೆ ಮೊದಲ ಸಲ ನೀನು ಅಂದದ್ದನ್ನು ನಾನು ಕೇಳಿದ್ದು ಅವತ್ತೇ.

ಹುಡುಗ ಒಂದು ಜಿಮ್ನಾಸಿಯಂನಲ್ಲಿ ಸತ್ತವರನ್ನು ಕಾಯುವ ಕೆಲಸದಲ್ಲಿದ್ದಾನೆ. ಅವನು ಅಲ್ಲಿಗೆ ಬಂದದ್ದು ಗೆಳೆಯನನ್ನು ಹುಡುಕಿಕೊಂಡು. ಇಬ್ಬರು ಹುಡುಗಿಯರು ಒದ್ದೆ ಬಟ್ಟೆಯಲ್ಲಿ ಮುಖಗಳನ್ನು ಒರೆಸುತ್ತಾರೆ, ತಲೆ ಬಾಚುತ್ತಾರೆ. ಇವನು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಗಂಡೋ ಹೆಣ್ಣೋ, ವಯಸ್ಸು ಅಂದಾಜು ಎಷ್ಟು, ಹಾಕಿಕೊಂಡ ಬಟ್ಟೆ ಯಾವುದು, ಶೂ ಯಾವ ಕಂಪನಿಯದ್ದು, ನಂಬರ್ ಎಷ್ಟು. ವಾಸನೆ ಗೊತ್ತಾಗದಿರಲಿ ಅಂತ ಖಾಲಿ ಬಾಟಲಿಗಳಲ್ಲಿ ಮೇಣದಬತ್ತಿ ನಿಲ್ಲಿಸುತ್ತಾನೆ.

ಬಾಡಿ ಅನ್ನುವ ಪದಕ್ಕೆ ನಾನು "ಹೆಣ" ಅಂದೆ. ಟೀಚರ್ ತಡೆದರು. "ಹೆಣ ಅನಬ್ಯಾಡ್ರಿ. ಒರಟಾಗ್ತದ. ಶವ ಅನ್ರಿ." ಶವ ಅಂದರೆ ಪೇಪರಿನವರು ಬರೆದ ಹಾಗಿದೆ ಅಂದಳು ಬ್ಯಾಂಕ್ ಆಂಟಿ. ದೇಹ ಅಂದರೆ ಪ್ರವಚನ. ನಮ್ಮ ಮುಂಬಯಿಯಲ್ಲಿ ಬಾಡಿ ಅಂತಲೇ ಅಲ್ವಾ ಅನ್ನುವುದು, ಹಾಗೇ ಬಿಡಿ ಅಂದ ಹುಡುಗ. ಹತ್ತು ನಿಮಿಷ ಇದೇ ಆಯಿತು. ಮಾಮ ಆವತ್ತು ಮೊದಲ ಸಲ ಬಾಯಿ ಬಿಟ್ಟರು. "ಅವ್ರ್ ಅಂದ್ರೆ ಸಾಕ್. ಇನ್ನೂ ಮನೆಯವ್ರ್ ಬರ್ಲಿಲ್ಲ ಅಲ್ದಾ."

ಮನೆಯವರು ಬಂದು ಗುರುತು ಹಿಡಿಯುವವರೆಗೆ ಅವರು ಅವರೇ. ಅಲ್ಲಿಂದ ಮುಂದೆ ಹಾಗೇ ಓದಿದೆ. ನೀನು ಅವರ ಬಟ್ಟೆ ಯಾವುದು ಅಂತ ಬರೆಯುತ್ತೀಯ. ನೀನು ಅವರ ಪಕ್ಕದಲ್ಲಿ ಮೇಣದಬತ್ತಿ ಇಡುತ್ತೀಯ. ಸ್ವಲ್ಪ ದೂರ ಹೋಗಿದ್ದೆ, ಮಾಮ ಮತ್ತೆ ಕೈ ಎತ್ತಿದರು. "ಮಗಾ, ಆ ಪುಸ್ತಕದಲ್ಲಿ ಬರುಕಂಬ್ದ್ ಇತ್ತಲೆ, ಅದನ್ನ್ ಇನ್ನೊಂದ್ ಸಲ ಓದ್. ಕಾಲಿಗೆ ಎಂತ ಹಾಕಂಡಿದ್ರ್ ಅಂದೇಳಿ ಬರೀತ್ನಾ ಮಾಣಿ?" ಹೌದು ಮಾಮ, ಶೂ ಯಾವುದು ಅಂತ ಬರೆಯುತ್ತಾನೆ ಅಂದೆ. ಮಾಮ ತಲೆಯಾಡಿಸಿದರು. ಅವರು ಯಾಕೆ ಕೇಳಿದರು ಅಂತ ನನಗೆ ಗೊತ್ತಾದದ್ದು ಐದು ವಾರದ ನಂತರ.

ಕಾರಂಜಿ

ಮೂರನೇ ಅಧ್ಯಾಯಕ್ಕೆ ಬಂದಾಗ 2025ರ ಜುಲೈ 20. ಮುಖ ಒರೆಸುತ್ತಿದ್ದ ಹುಡುಗಿಯರಲ್ಲಿ ಒಬ್ಬಳಾದ ಉನ್ ಸುಕ್ ಈಗ ಒಂದು ಪುಸ್ತಕ ಪ್ರಕಾಶನದಲ್ಲಿ ಕೆಲಸಕ್ಕಿದ್ದಾಳೆ. ಪೊಲೀಸರು ಕರೆಸಿ ಏಳು ಸಲ ಕೆನ್ನೆಗೆ ಹೊಡೆದಿದ್ದಾರೆ. ದಿನಕ್ಕೊಂದು ಏಟು ಮರೆಯುತ್ತೇನೆ ಅಂತ ಅವಳ ಲೆಕ್ಕ. ಅವಳಿಗೊಂದು ಹಳೆಯ ನೆನಪಿದೆ. ಅಷ್ಟೆಲ್ಲ ನಡೆದು ಕೆಲವೇ ದಿನಕ್ಕೆ, ಗ್ವಾಂಗ್‌ಜುವಿನ ಪ್ರಾಂತೀಯ ಸರ್ಕಾರಿ ಕಚೇರಿ ಎದುರಿನ ಕಾರಂಜಿ ಮತ್ತೆ ಚಿಮ್ಮತೊಡಗಿತ್ತು. ಬಸ್ಸಿನ ಕಿಟಕಿಯಿಂದ ಅದನ್ನು ಕಂಡು, ಫೋನ್ ಬೂತಿಗೆ ಹೋಗಿ ಕಚೇರಿಗೆ ಫೋನ್ ಮಾಡುತ್ತಾಳೆ. ದಯವಿಟ್ಟು ಆ ಕಾರಂಜಿ ನಿಲ್ಲಿಸಿ. ಒಂದು ಸಲ ಅಲ್ಲ, ಮತ್ತೆ ಮತ್ತೆ.

ಆಂಟಿಗೆ ಇದು ಸರಿಬರಲಿಲ್ಲ. "ಕಾರಂಜಿ ನಿಂತ್ರೆ ಸತ್ತವರು ವಾಪಸ್ ಬರ್ತಾರಾ? ಊರು ನಡೀಬೇಕಲ್ಲ. ನಮ್ಮ ಮುಂಬಯಿ ನೋಡಿ, ಮರುದಿನ ಲೋಕಲ್ ಓಡ್ತು." ವಿಜಯಪುರದ ಯಜಮಾನರೂ ಅದೇ ಅಂದರು. ಕೆಲಸ ಮಾಡಿದರೆ ದುಃಖ ತಾನಾಗಿ ಕಡಿಮೆಯಾಗುತ್ತದೆ, ಇದನ್ನು ಇಷ್ಟು ದೊಡ್ಡದು ಮಾಡಬಾರದಿತ್ತು ಬರೆದವರು ಅಂತ.

ನಾನು ಪುಸ್ತಕ ಮಡಚಿಟ್ಟೆ. ಯಾಕೆಂದರೆ ಆ ಮರುದಿನದ ಲೋಕಲ್ ಹತ್ತಿದವರಲ್ಲಿ ನಾನೂ ಒಬ್ಬಳು.

2006ರ ಜುಲೈ 11, ಮಂಗಳವಾರ. ಸಂಜೆ ಆರೂವರೆ ಹೊತ್ತಿಗೆ ವೆಸ್ಟರ್ನ್ ಲೈನಿನಲ್ಲಿ ಹನ್ನೊಂದು ನಿಮಿಷದಲ್ಲಿ ಏಳು ಬಾಂಬು. 180ಕ್ಕೂ ಹೆಚ್ಚು ಜನ ಹೋದರು. ಆಗ ನಾನು ಬೊರಿವಲಿಯಲ್ಲಿ ನಾಲ್ಕು ಹುಡುಗಿಯರ ಜೊತೆ ಒಂದು ಕೋಣೆಯಲ್ಲಿದ್ದೆ, ಕೆಲಸ ಲೋವರ್ ಪರೇಲಿನಲ್ಲಿ. ಅವತ್ತು ರಾತ್ರಿ ರಸ್ತೆಯಲ್ಲೇ ನಡೆದು, ಯಾರದೋ ಟೆಂಪೋ ಹತ್ತಿ, ಮತ್ತೆ ನಡೆದು ಎರಡು ಗಂಟೆಗೆ ಮನೆ ಸೇರಿದೆ. ದಾರಿಯುದ್ದಕ್ಕೂ ಜನ ನೀರು ಕೊಟ್ಟರು, ಬಿಸ್ಕತ್ತು ಕೊಟ್ಟರು. ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬೆಳಿಗ್ಗೆ ಎದ್ದು ಮತ್ತೆ ಸ್ಟೇಷನ್ನಿಗೆ ಹೋದೆ. ಧೈರ್ಯ ಅಲ್ಲ. ರಜೆ ಹಾಕಿದರೆ ಪಗಾರ ಕಟ್. ಆ ತಿಂಗಳು ಊರಿಗೆ ದುಡ್ಡು ಕಳಿಸಬೇಕಿತ್ತು. ಪೇಪರುಗಳಲ್ಲಿ, ಟಿವಿಯಲ್ಲಿ ಮುಂಬಯಿಯ ಸ್ಪಿರಿಟ್ ಅಂತ ಬಂತು. ನಮ್ಮನ್ನೇ ಹೊಗಳುತ್ತಿದ್ದಾರೆ ಅಂತ ಆಗ ಸ್ವಲ್ಪ ಹೆಮ್ಮೆಯೂ ಆಯಿತು.

ಆದರೆ ನನಗೆ ಉಳಿದಿರುವುದು 12ರ ಸಂಜೆ ವಾಪಸ್ ಬಂದದ್ದು. ಲೇಡೀಸ್ ಡಬ್ಬದಲ್ಲಿ ಎಂದಿನಂತೆ ಜಾಗ ಹಿಡಿಯುವ ಗಲಾಟೆ ಇರಲಿಲ್ಲ. ನನ್ನ ಎದುರು ಒಬ್ಬಾಕೆ, ನಲವತ್ತರ ಆಸುಪಾಸು, ತೊಡೆ ಮೇಲೆ ಪೇಪರ್ ಹರಡಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ದಿನಾ ಯಾರಾದರೊಬ್ಬರು ಬಿಡಿಸುತ್ತಿರುತ್ತಾರೆ, ಮನೆಗೆ ಹೋದ ಕೂಡಲೇ ಒಗ್ಗರಣೆಗೆ ಹಾಕುವ ಹಾಗೆ. ದಾದರ್ ಬಿಟ್ಟಿತು. ಮುಂದಿನ ಸ್ಟೇಷನ್ನುಗಳ ಆಸುಪಾಸಿನಲ್ಲೇ ಹಿಂದಿನ ದಿನ ಬಾಂಬು ಸಿಡಿದದ್ದು. ಮಾಟುಂಗ ರೋಡ್ ಬರುವ ಹೊತ್ತಿಗೆ ಅವಳ ಕೈ ನಿಂತಿತು. ಬಲಗೈ ಬೆರಳಲ್ಲಿ ಒಂದು ಕಡ್ಡಿ, ಅದರ ತುದಿಯಲ್ಲಿ ಮೂರು ಎಲೆ. ಮಾಹಿಮ್ ಬಂತು. ಡಬ್ಬದಲ್ಲಿ ಯಾರೂ ಕಿಟಕಿ ಕಡೆ ನೋಡಲಿಲ್ಲ. ಇಷ್ಟು ಹೆಂಗಸರಲ್ಲಿ ಒಬ್ಬರೂ ನೋಡಲಿಲ್ಲ. ಬಾಂದ್ರಾ. ಖಾರ್ ರೋಡ್. ಕಡ್ಡಿ ಹಾಗೇ ಇತ್ತು. ಸಾಂತಾಕ್ರೂಜ್ ದಾಟಿದ ಮೇಲೆ ಆ ಮೂರು ಎಲೆ ಕಿತ್ತು ಪೇಪರಿಗೆ ಹಾಕಿದಳು. ಮತ್ತೆ ಮುಂದಿನ ಕಡ್ಡಿ.

ಟ್ರೈನ್ ನಿಲ್ಲಲಿಲ್ಲ, ನಿಜ. ಅವಳ ಕೈ ನಿಂತಿತ್ತು. ಊರು ನಡೀಬೇಕು ಅನ್ನುವ ಆಂಟಿಯ ಮಾತು ಸುಳ್ಳಲ್ಲ, ಆದರೆ ನಿಂತ ಕೈ ಎಲ್ಲೂ ದಾಖಲಾಗಲಿಲ್ಲ. ಆ ಹುಡುಗಿ ಫೋನ್ ಮಾಡಿ ಕೇಳಿದ್ದು ಅದನ್ನೇ ಅಂತ ನನಗೆ ಅನ್ನಿಸುತ್ತದೆ. ನೀರು ಬೇಡ ಅಂತ ಅಲ್ಲ. ಇಷ್ಟು ಬೇಗ ಬೇಡ, ಯಾರಾದರೂ ಒಂದು ಗಳಿಗೆ ನಿಲ್ಲಿ ಅಂತ. ನಾನಿದನ್ನು ಹೇಳಿದಾಗ ಆಂಟಿ ಒಪ್ಪಲಿಲ್ಲ, ಆದರೆ ವಾದವನ್ನೂ ಮಾಡಲಿಲ್ಲ. ಟೀಚರ್ ಅಂದರು, "ನಿಲ್ಲಸ್ರಿ ಅಂತ ಒಬ್ಬಾಕಿ ಫೋನರೆ ಮಾಡಿದ್ಲಲ್ಲ. ನಾವು ಯಾರೂ ಮಾಡ್ಲಿಲ್ಲ."

ಮರುದಿನ ಸೋಮವಾರ, ಜುಲೈ 21. ಆ ಬಾಂಬು ಕೇಸಿನಲ್ಲಿ ಶಿಕ್ಷೆಯಾಗಿದ್ದ ಹನ್ನೆರಡು ಮಂದಿಯನ್ನೂ ಬಾಂಬೆ ಹೈಕೋರ್ಟ್ ಖುಲಾಸೆ ಮಾಡಿತು. ಹತ್ತೊಂಬತ್ತು ವರ್ಷ ಆದ ಮೇಲೆ. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಯಾರು ಮಾಡಿದ್ದು ಅನ್ನುವ ಪ್ರಶ್ನೆ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತಿತು. ಆಂಟಿ ರಾತ್ರಿ ನನಗೆ ಫೋನ್ ಮಾಡಿದಳು. ತೀರ್ಪಿನ ಬಗ್ಗೆ ಏನೂ ಮಾತಾಡಲಿಲ್ಲ. "ನಿನ್ನೆ ನೀನು ಹೇಳಿದ ಮೆಂತ್ಯದ ಹೆಂಗಸು, ಅವಳು ಎಲ್ಲಿ ಇಳಿದಳು?" ಅಂತ ಕೇಳಿದಳು. ನನಗೆ ನೆನಪಿರಲಿಲ್ಲ.

"ಕಥೆ ಎಲ್ಲಿದೆ ಅಕ್ಕಾ?"

ಐರೋಲಿಯ ಹುಡುಗನೇ ಪುಸ್ತಕ ತಂದವನು, ಅವನಿಗೇ ಅದು ಹಿಡಿಸಲಿಲ್ಲ. ಅವನ ತಕರಾರು ಪ್ರಾಮಾಣಿಕವಾದದ್ದು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. "ಕಥೆ ಎಲ್ಲಿದೆ ಅಕ್ಕಾ? ಒಂದು ಅಧ್ಯಾಯದಲ್ಲಿ ಒಬ್ಬರ ಜೊತೆ ಹೊಂದಿಕೊಳ್ಳೋ ಹೊತ್ತಿಗೆ ಐದು ವರ್ಷ ಹಾರಿ ಇನ್ನೊಬ್ಬರ ಹತ್ರ ಹೋಗುತ್ತೆ. ಗುಂಡು ಹಾರಿಸಿದವರು ಯಾರು, ಅವರಿಗೆ ಏನಾಯ್ತು? ಒಂದು ಸಲವೂ ಅವರು ಸರಿಯಾಗಿ ಕಾಣಿಸಲ್ಲ." ಅವನು ಇತಿಹಾಸವನ್ನೂ ಓದಿಕೊಂಡು ಬಂದಿದ್ದ. ಆಗಿನ ಸೇನಾಧಿಕಾರಿ ಚುನ್ ದೂ ಹ್ವಾನ್ ಅಧ್ಯಕ್ಷನಾದದ್ದು, 1996ರಲ್ಲಿ ಮರಣದಂಡನೆ ವಿಧಿಸಿದ್ದು, 1997ರ ಕೊನೆಯಲ್ಲಿ ಕ್ಷಮಾದಾನ ಸಿಕ್ಕಿದ್ದು, 2021ರಲ್ಲಿ ತೊಂಬತ್ತು ವರ್ಷ ಬದುಕಿ ಸತ್ತದ್ದು. 2024ರ ಡಿಸೆಂಬರ್ 3ರ ರಾತ್ರಿ ಅದೇ ದೇಶದಲ್ಲಿ ಮತ್ತೆ ಮಾರ್ಷಲ್ ಲಾ ಘೋಷಿಸಿದ್ದು, ಕೆಲವೇ ಗಂಟೆಯಲ್ಲಿ ಸಂಸತ್ತು ಅದನ್ನು ತೆಗೆಸಿದ್ದು. ಹಾನ್ ಕಾಂಗ್ ನೊಬೆಲ್ ತೆಗೆದುಕೊಂಡದ್ದು ಅದಾಗಿ ಒಂದು ವಾರಕ್ಕೆ. "ಇದೆಲ್ಲ ಇದ್ದಿದ್ರೆ ಎಂಥಾ ಕಾದಂಬರಿ ಆಗ್ತಿತ್ತು!" ಅಂದ.

ನನಗೂ ಕೆಲವು ಕಡೆ ಅಸಮಾಧಾನವಿದೆ. ಜೈಲಿನಲ್ಲಿದ್ದವನ ಅಧ್ಯಾಯ ಬಹಳ ದಟ್ಟ. ಒಂದೇ ತಟ್ಟೆ ಅನ್ನವನ್ನು ಇಬ್ಬರು ಹಂಚಿಕೊಂಡು, ಒಂದೊಂದು ಅಗುಳಿಗೂ ಒಬ್ಬರನ್ನೊಬ್ಬರು ಗಮನಿಸುವ ಭಾಗ ಬಿಟ್ಟರೆ ಉಳಿದದ್ದನ್ನು ಬಾಯಲ್ಲಿ ಹೇಳುವಾಗ ನಾನೇ ಓಡಿಸಿಕೊಂಡು ಹೋದೆ. ಎರಡನೇ ಅಧ್ಯಾಯವಂತೂ ಸತ್ತ ಗೆಳೆಯನ ಆತ್ಮ ಹೇಳುವುದು, ತನ್ನ ಮೈ ಮೇಲೆ ಬೇರೆಯವರ ಮೈಗಳನ್ನು ಅಡ್ಡಡ್ಡ ಪೇರಿಸಿಟ್ಟಿರುವಾಗ. ವಿಜಯಪುರದ ಅಮ್ಮ ಅವತ್ತು ಎದ್ದು ಹೋದವರು ಎರಡು ವಾರ ಬರಲಿಲ್ಲ. "ಇಷ್ಟೆಲ್ಲಾ ಬೇಕಾಗಿತ್ತೇನವ್ವಾ?" ಅಂತ ಮೆಟ್ಟಿಲ ಮೇಲೆ ಕೇಳಿದರು. ಬೇಕಾಗಿತ್ತು ಅಂತ ಅವರ ಮುಖ ನೋಡಿ ಹೇಳಲು ನನಗೆ ಬಾಯಿ ಬರಲಿಲ್ಲ. ಓದುವುದು ನಿಲ್ಲಿಸುವುದೂ ಒಂದು ಅಭಿಪ್ರಾಯವೇ. ಅವರ ಮನೆಯಲ್ಲಿ ಏನು ನಡೆದಿತ್ತೋ, ನಾನು ಕೇಳಿಲ್ಲ.

ಆದರೆ ಹುಡುಗ ಹೇಳಿದ ಆ ಇನ್ನೊಂದು ಕಾದಂಬರಿ, ಸೇನಾಧಿಕಾರಿಯ ಕಾದಂಬರಿ, ನನಗೆ ಬೇಡ. ಕೊಂದವರ ಹೆಸರು ನಮಗೆ ಯಾವಾಗಲೂ ಗೊತ್ತಿರುತ್ತದೆ. ಅವರ ಫೋಟೋ ಇರುತ್ತದೆ. ಮುಖ ಒರೆಸಿದವರ ಹೆಸರು ಎಲ್ಲಿದೆ? ಇಂಗ್ಲಿಷ್ ಶೀರ್ಷಿಕೆಯನ್ನು ಕನ್ನಡ ಮಾಡಲು ಕೂತಾಗ ಟೀಚರ್ ಕೇಳಿದ ಪ್ರಶ್ನೆ ನೆನಪಾಗುತ್ತದೆ. "ಮನುಷ್ಯರ ಕೆಲಸ ಅಂದ್ರ ಯಾವುದ್ರೀ? ಗುಂಡ ಹಾಕಿದ್ದೋ, ಮುಖ ಒರಸಿದ್ದೋ?" ಎರಡೂ ಟೀಚರ್ ಅಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಒರಸಿದ್ದನ್ನ ಮೊದಲ ಹೇಳೂಣು" ಅಂದರು.

ಹಾಜರಿ ಪುಸ್ತಕ

ಆಗಸ್ಟ್ 10ರಂದು ಮಾಮ ಬೇಗ ಬಂದಿದ್ದರು. ಕೋಣೆಯಲ್ಲಿ ನಾನು, ಅವರು ಇಬ್ಬರೇ. ಹಿಂದಿನ ವಾರ ಓದಿದ ಅಧ್ಯಾಯದಲ್ಲಿ ಸೊನ್ ಜು ಅನ್ನುವವಳ ಕಥೆ ಬಂದಿತ್ತು. ಮುಖ ಒರೆಸುತ್ತಿದ್ದ ಇನ್ನೊಬ್ಬಳು. ಆಮೇಲೆ ಪೊಲೀಸರ ಕೈಗೆ ಸಿಕ್ಕಿ ಹೇಳಲಾಗದ ಹಿಂಸೆ ಅನುಭವಿಸಿದವಳು. ಇಪ್ಪತ್ತೆರಡು ವರ್ಷದ ನಂತರ ಒಬ್ಬ ಸಂಶೋಧಕ ಅವಳಿಗೆ ಟೇಪ್ ಕಳಿಸುತ್ತಾನೆ, ನಡೆದದ್ದನ್ನು ಹೇಳಿ, ರೆಕಾರ್ಡ್ ಮಾಡಿ ಕೊಡಿ ಅಂತ. ಅವಳಿಂದ ಆಗುವುದಿಲ್ಲ. ಮಾಮ ಅವಳ ಬಗ್ಗೆಯೇ ಮಾತು ತೆಗೆದರು. ಆ ಟೇಪು ಖಾಲಿಯೇ ಉಳಿಯಿತಾ ಅಂತ ಕೇಳಿದರು. ಆಮೇಲೆ ತಾವಾಗಿಯೇ ಹೇಳಿದರು.

1993ರ ಜನವರಿ. ಮಾಮ ಆಗ ದಾದರಿನಿಂದ ಆಚೆ ಒಂದು ಹೋಟೆಲಿನ ಗಲ್ಲಾದಲ್ಲಿದ್ದರು. ಬಾಬ್ರಿ ಮಸೀದಿ ಬಿದ್ದ ಮೇಲೆ ಮುಂಬಯಿಯಲ್ಲಿ ಶುರುವಾದ ಡಿಸೆಂಬರಿನ ಗಲಭೆ ತಣ್ಣಗಾಗಿ ಮತ್ತೆ ಹೊತ್ತಿಕೊಂಡಿತ್ತು. ಶಟರ್ ಎಳೆದು ಒಳಗೆ ಹದಿಮೂರು ಮಂದಿ, ಟೇಬಲ್ ಜೋಡಿಸಿ ಅದರ ಮೇಲೆ ಮಲಗುವುದು, ಇದ್ದ ಅಕ್ಕಿಯಲ್ಲಿ ಗಂಜಿ. ಮೋರಿಯಲ್ಲಿ, ಅಂದರೆ ಪಾತ್ರೆ ತೊಳೆಯುವ ಜಾಗದಲ್ಲಿ, ಕಪ್ ತೊಳೆಯುವ ಮಾಣಿ ಒಬ್ಬನಿದ್ದ. ನಮ್ಮ ಕಡೆ ಮಾಣಿ ಅಂದರೆ ಹುಡುಗ. ಹೋಟೆಲಿನಲ್ಲಿ ಕೆಲಸಕ್ಕಿರುವ ಹುಡುಗನೂ ಮಾಣಿಯೇ, ಯಾವ ಊರಿನಿಂದ ಬಂದಿರಲಿ. ಹದಿನಾರೋ ಹದಿನೇಳೋ. ಯಾರೋ ಕರೆದುಕೊಂಡು ಬಂದು ಬಿಟ್ಟು ಹೋಗಿದ್ದು, ಊರು ಸರಿಯಾಗಿ ಗೊತ್ತಿಲ್ಲ. ಒಂಬತ್ತನೇ ತಾರೀಕು ಬೆಳಿಗ್ಗೆ, ಹಾಲು ಸಿಗುತ್ತದಾ ನೋಡಿಕೊಂಡು ಬರುತ್ತೇನೆ ಅಂತ ಹಿಂದಿನ ಬಾಗಿಲಿನಿಂದ ಹೋದ. ಹೋಗು ಅಂತ ನಾನು ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ ಅಂದರು ಮಾಮ. ಅದನ್ನು ಎರಡು ಸಲ ಹೇಳಿದರು.

ಕರ್ಫ್ಯೂ ಸಡಿಲವಾದ ಮೇಲೆ ಮೂರು ಆಸ್ಪತ್ರೆಗೆ ಹೋದರಂತೆ. ಒಂದು ಕಡೆ ಕೇಳಿದರಂತೆ, ಹುಡುಗ ಯಾರ ಪೈಕಿ? "ನಮ್ ಹೋಟ್ಲ್ ಪೈಕಿ" ಅಂದರಂತೆ ಮಾಮ. ಇನ್ನೊಂದು ಕಡೆ ಗುರುತು ಕೇಳಿದರು. ಅಂಗಿ ಯಾವ ಬಣ್ಣ? ಮಾಮನಿಗೆ ಗೊತ್ತಿತ್ತು, ನೀಲಿ. ಕಾಲಲ್ಲಿ ಏನಿತ್ತು? ಗೊತ್ತಿರಲಿಲ್ಲ. ಮೋರಿಯಲ್ಲಿ ನಿಂತು ಕೆಲಸ ಮಾಡುವವರು ಬರಿಗಾಲಲ್ಲೇ ಇರುತ್ತಾರೆ. ಹೊರಗೆ ಹೋಗುವಾಗ ಅವನು ಯಾರದಾದರೂ ಚಪ್ಪಲಿ ಹಾಕಿಕೊಂಡು ಹೋದನಾ ಇಲ್ಲವಾ? ವಾಪಸ್ ಬಂದು ಎಲ್ಲರನ್ನೂ ಕೇಳಿದರು. ಯಾರ ಚಪ್ಪಲಿಯೂ ಕಡಿಮೆ ಆಗಿರಲಿಲ್ಲ.

ಆಮೇಲಿನದ್ದು ಹಾಜರಿ ಪುಸ್ತಕದ ವಿಷಯ. ಜನವರಿ ಒಂದರಿಂದ ಎಂಟರವರೆಗೆ ಅವನ ಹೆಸರಿನ ಮುಂದೆ ಹಾಜರಿ ಇದೆ. ಒಂಬತ್ತರಿಂದ ಏನು ಬರೆಯುವುದು? ಗೈರು ಅಂತ ಬರೆಯಲು ಕೈ ಬರಲಿಲ್ಲ. ಖಾಲಿ ಬಿಟ್ಟರು. ಫೆಬ್ರವರಿಗೆ ಹೊಸ ಪುಟ. ಎಲ್ಲರ ಹೆಸರು ಬರೆಯುವಾಗ ಅವನ ಹೆಸರನ್ನೂ ಬರೆದರು. ಇಪ್ಪತ್ತೆಂಟು ಮನೆ ಖಾಲಿ. ಮಾರ್ಚಿಗೂ ಬರೆದರು. ಆ ತಿಂಗಳು 12ಕ್ಕೆ ಮುಂಬಯಿಯಲ್ಲಿ ಬಾಂಬು ಸ್ಫೋಟ. ಏಪ್ರಿಲಿನಲ್ಲಿ ಧಣಿಗಳು ಪುಸ್ತಕ ನೋಡಿ, ಇದೇನು, ತೆಗೆದುಬಿಡಿ ಅಂದರು. ಮೇ ತಿಂಗಳ ಪುಟದಲ್ಲಿ ಅವನ ಹೆಸರಿಲ್ಲ. ಎಂಟು ದಿನದ ಪಗಾರ ಒಂದು ಕವರಿನಲ್ಲಿ ಹಾಕಿ ಗಲ್ಲಾದ ಒಳಗಿನ ಖಾನೆಯಲ್ಲಿ ಇಟ್ಟಿದ್ದರು. ಹೋಟೆಲ್ ಮಾರುವವರೆಗೂ ಅಲ್ಲೇ ಇತ್ತು.

ಊರಿಗೆ ಓಡಿಹೋಗಿರಬಹುದು ಮಾಮ, ಆಗ ಎಷ್ಟೋ ಜನ ರೈಲು ಹತ್ತಿ ಹೋದರಲ್ಲ ಅಂದೆ. "ಹೋಗಿಪ್ಪುಕೂ ಸಾಕ್" ಅಂದರು, ಹೋಗಿರಲೂಬಹುದು ಅಂತ. "ಇದ್ರೆ ಅವ್ನಿಗೀಗ ಐವತ್ತರ ಹತ್ರ."

ಅವತ್ತು ಮನೆಗೆ ಹೋಗಿ, ಆ ಗಲಭೆಯ ತನಿಖೆ ಮಾಡಿದ ಶ್ರೀಕೃಷ್ಣ ಆಯೋಗದ ಲೆಕ್ಕ ತೆಗೆದು ನೋಡಿದೆ. 1998ರ ವರದಿ. ಎರಡೂ ಸುತ್ತಿನ ಗಲಭೆ ಸೇರಿ ಸತ್ತವರು 900. ಮುಸ್ಲಿಮರು 575, ಹಿಂದೂಗಳು 275, ಇತರರು 5. ಉಳಿದ 45 ಮಂದಿಯ ಎದುರು ಯಾರು ಅಂತ ಗೊತ್ತಿಲ್ಲ ಅಂತಿದೆ. ಈ ಅಂಕಿಗಳನ್ನು ನಾನು ಮೊದಲೂ ಓದಿದ್ದೆ. ಎಲ್ಲರೂ ಮಾಡುವ ಹಾಗೆ ದೊಡ್ಡ ಎರಡು ಅಂಕಿ ನೋಡಿ ಮುಂದೆ ಹೋಗಿದ್ದೆ. ಈ ಸಲ ಆ 45ರ ಹತ್ತಿರ ನಿಂತೆ. ಮಾಣಿ ಅದರಲ್ಲಿದ್ದಾನೆ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಆ 45 ಮಂದಿಯೂ ಯಾವುದೋ ಅಂಗಿ ಹಾಕಿಕೊಂಡಿದ್ದರು. ಕಾಲಲ್ಲಿ ಏನೋ ಇತ್ತು, ಅಥವಾ ಇರಲಿಲ್ಲ. ಎಲ್ಲೋ ಒಬ್ಬರ ಹಾಜರಿ ಪುಸ್ತಕದಲ್ಲಿ ಅವರ ಮುಂದಿನ ಮನೆಗಳು ಖಾಲಿ ಉಳಿದವು.

ಗ್ವಾಂಗ್‌ಜುವಿನಲ್ಲೂ ಸತ್ತವರ ಲೆಕ್ಕದ ಜಗಳ ಇನ್ನೂ ಮುಗಿದಿಲ್ಲ. ಇಡೀ ಕಾದಂಬರಿಯಲ್ಲಿ ಆ ಹದಿನೈದರ ಹುಡುಗನ ಕೈಯಲ್ಲಿರುವ ಪುಸ್ತಕದಷ್ಟು ನಂಬಿಕೆಯ ದಾಖಲೆ ಇನ್ನೊಂದಿಲ್ಲ ಅನ್ನಿಸಿತು ನನಗೆ. ಅವನು ಬರೆಯುತ್ತಿರುವುದು ಹುಡುಕಿಕೊಂಡು ಬರುವ ಮನೆಯವರಿಗಾಗಿ. ಮಾಮ ಮೂರು ಆಸ್ಪತ್ರೆಯಲ್ಲಿ ಹುಡುಕಿದ್ದು ಅಂಥ ಒಬ್ಬ ಹುಡುಗನನ್ನು, ಅಂಥ ಒಂದು ಪುಸ್ತಕವನ್ನು. ಅವರಿಗೆ ಸಿಗಲಿಲ್ಲ. ಕಾದಂಬರಿಯಲ್ಲಿ ಸಿಕ್ಕಿತು.

ಅಮ್ಮನ ಅಧ್ಯಾಯ

ಅದೇ ಸಂಜೆ ಓದಬೇಕಿದ್ದದ್ದು ದೋಂಗ್ ಹೋನ ಅಮ್ಮನ ಅಧ್ಯಾಯ. ಮೇ 27ರ ಬೆಳಗಿನ ಜಾವ ಸೈನ್ಯ ನುಗ್ಗಿದಾಗ ಹುಡುಗ ಆ ಸರ್ಕಾರಿ ಕಚೇರಿಯಲ್ಲೇ ಉಳಿದಿದ್ದ. ಮನೆಗೆ ಬಾ ಅಂತ ಅಮ್ಮ ಬಂದು ಕರೆದಿದ್ದಳು. ಬರುತ್ತೇನೆ ಅಂದಿದ್ದ. ಮೂವತ್ತು ವರ್ಷ ಕಳೆದಿದೆ, ಅಮ್ಮ ಅವನ ಜೊತೆ ಮಾತಾಡುತ್ತಲೇ ಇದ್ದಾಳೆ. ಮೂಲದಲ್ಲಿ ಈ ಅಧ್ಯಾಯ ಆ ಸೀಮೆಯ ಆಡುಮಾತಿನಲ್ಲಿದೆ ಅಂತ ಐರೋಲಿಯ ಹುಡುಗ ಹುಡುಕಿ ಹೇಳಿದ್ದ. ನಾನು ಶನಿವಾರವೇ ನೋಟ್‌ಬುಕ್ಕಿನಲ್ಲಿ ಶಿಷ್ಟ ಕನ್ನಡದಲ್ಲಿ ಬರೆದುಕೊಂಡಿದ್ದೆ. ಮಾಮನ ಮಾತು ಕೇಳಿದ ಮೇಲೆ ಅದನ್ನು ಓದಲು ಆಗಲಿಲ್ಲ. ನೋಟ್‌ಬುಕ್ ಬದಿಗಿಟ್ಟು ನಮ್ಮ ಕುಂದಾಪ್ರ ಕನ್ನಡದಲ್ಲಿ ಹೇಳತೊಡಗಿದೆ. ಟೀಚರಿಗೆ ಅರ್ಧ ಅರ್ಥವಾಗಲಿಲ್ಲವೇನೋ. ಆದರೂ ಯಾರೂ ನಿಲ್ಲಿಸು ಅನ್ನಲಿಲ್ಲ.

ಕೊನೆಗೆ ಬರುವ ನೆನಪೊಂದಿದೆ. ಹುಡುಗ ಚಿಕ್ಕವನಿದ್ದಾಗ ಅಮ್ಮನ ಜೊತೆ ನಡೆದು ಹೋಗುತ್ತಿದ್ದಾನೆ. ಅಮ್ಮನಿಗೆ ಬಿಸಿಲು ಆಗದು, ಮರದ ನೆರಳಿನಲ್ಲೇ ನಡೆಯುವವಳು. ಮಗ ಕೈ ಹಿಡಿದು ಎಳೆಯುತ್ತಾನೆ. "ಅಮ್ಮಾ, ಅತ್ಲಾಗೆ ಹೋಪ. ಅಲ್ಲ್ ಬಿಸ್ಲ್ ಇತ್ತ್, ಹೂವೂ ಇತ್ತ್. ಎಂತಕೆ ಕತ್ಲಿಗೆ ಹೋಪ್ದ್?" ಇಂಗ್ಲಿಷಿನಲ್ಲಿ ಹತ್ತು ಸಲ ಓದಿದ್ದೆ, ಏನೂ ಆಗಿರಲಿಲ್ಲ. ನನ್ನ ಬಾಯಿಂದ ನನ್ನ ಮಾತಿನಲ್ಲಿ ಬಂದಾಗ ಗಂಟಲು ಕಟ್ಟಿತು. ಉಳಿದ ಎರಡು ಸಾಲು ಆಂಟಿ ಇಂಗ್ಲಿಷಿನಲ್ಲೇ ಓದಿ ಮುಗಿಸಿದಳು. ಕಾರಂಜಿಯ ಬಗ್ಗೆ ಜಗಳವಾಡಿದ್ದ ಅದೇ ಆಂಟಿ.

ಐರೋಲಿಯ ಹುಡುಗ ಆಗ ಹೇಳಿದ, ಕೊರಿಯನ್ ಮೂಲದಲ್ಲಿ ಪುಸ್ತಕದ ಹೆಸರೇ ಬೇರೆಯಂತೆ. ಹುಡುಗ ಬರುತ್ತಾನೆ ಅನ್ನುವ ಅರ್ಥವಂತೆ. ನಾನು ಸುಮ್ನೆ ಅಭ್ಯಾಸ ಬಲದಿಂದ ನಮ್ಮ ಮಾತಿನಲ್ಲಿ ಹೇಳಿಕೊಂಡೆ, ಮಾಣಿ ಬತ್ತಾ ಇದ್ದ. ಹೇಳಿದ ಮೇಲೆ ಹೊಳೆಯಿತು. ಮಾಮನ ಕಡೆ ನೋಡಲು ಧೈರ್ಯವಾಗಲಿಲ್ಲ. ಅವರು ಮಾತ್ರ ನಿಧಾನಕ್ಕೆ ಇನ್ನೊಂದು ಸಲ ಅದನ್ನೇ ಹೇಳಿದರು. "ಮಾಣಿ ಬತ್ತಾ ಇದ್ದ. ಹ್ಞಾ."

ಮುಂದಿನ ವಾರ ಕೊನೆಯ ಭಾಗ ಓದಿದೆವು. ಲೇಖಕಿ ತಾನೇ ಗ್ವಾಂಗ್‌ಜುವಿಗೆ ಹೋಗಿ ಹುಡುಗನ ಗೋರಿಯ ಹತ್ತಿರ ಮೇಣದಬತ್ತಿ ಹಚ್ಚುವುದು. ಸಮ ಇತ್ತ್ ಅಂತ ಮಾಮ ಹೇಳಿದ್ದು ಅವತ್ತೇ.

ಈಗ ಗುಂಪಿಗೆ ಮುಂದಿನ ಪುಸ್ತಕ ಯಾವುದು ಅಂತ ಚರ್ಚೆ ನಡೆಯುತ್ತಿದೆ. ಟೀಚರಿಗೆ ಸ್ವಲ್ಪ ಹಗುರದ್ದು ಬೇಕಂತೆ. ಮಾಮ ಮಾತ್ರ ನಿನ್ನೆ ಫೋನ್ ಮಾಡಿ, ಮೊದಲ ಅಧ್ಯಾಯವನ್ನೂ ನಮ್ಮ ಮಾತಿನಲ್ಲೇ ಒಂದು ಸಲ ಓದುತ್ತೀಯಾ ಅಂತ ಕೇಳಿದ್ದಾರೆ. ಪೂರ್ತಿ ಬೇಡ, ಆ ಬರೆದುಕೊಳ್ಳುವ ಭಾಗದವರೆಗೆ ಸಾಕು ಅಂದರು. ಒಪ್ಪಿಕೊಂಡಿದ್ದೇನೆ. ವಿಜಯಪುರದ ಅಮ್ಮನಿಗೂ ತಿಳಿಸಿದೆ, ಬರದಿದ್ದರೂ ಪರವಾಗಿಲ್ಲ ಅಂತ. ನೋಟ್‌ಬುಕ್ ತೆಗೆದು ಹೊಸ ಪುಟದಲ್ಲಿ ಶುರು ಮಾಡಿದ್ದೇನೆ. ಅಂಗಿಯ ಬಣ್ಣದ ಹತ್ತಿರ ಬಂದು ನಿಂತಿದ್ದೇನೆ.